ಬಾಕ್ಸ್ ಮೇಲೆ 300 ವಾಟ್, ಒಳಗೆ ಎಷ್ಟು? ಕಾರಿಗೆ ಆಂಪ್ಲಿಫೈಯರ್ ಹಾಕಿಸೋ ಮುನ್ನ ಈ ಲೆಕ್ಕ ಗೊತ್ತಿರಲಿ

ಜಾತ್ರೆ, ಮದುವೆ ಸೀಸನ್ ಬಂತೆಂದರೆ ಕಾರ್ ಡೆಕೋರ್ ಅಂಗಡಿಗಳಿಗೆ ಬಿಡುವಿರಲ್ಲ. ಬಂದವರದ್ದು ಒಂದೇ ಮಾತು: ‘ಸೌಂಡ್ ಜಾಸ್ತಿ ಬರ್ಬೇಕು’. ಬಾಕ್ಸ್ ಮೇಲಿನ ದೊಡ್ಡ ನಂಬರ್ ನೋಡಿ ದುಡ್ಡು ಕೊಡ್ತಾರೆ. ತಿಂಗಳೊಳಗೆ ಟ್ವೀಟರ್ ಸುಟ್ಟು ಹೋಗುತ್ತೆ, ಆಂಪ್ಲಿಫೈಯರ್ ಕಾದು ಆಫ್ ಆಗುತ್ತೆ. ಆಮೇಲೆ ಅಂಗಡಿಯವರ ಜೊತೆ ಜಗಳ. ಹಲವು ಸಲ ಮಾಲು ಕೆಟ್ಟದ್ದೇನೂ ಆಗಿರುವುದಿಲ್ಲ, ಜೋಡಿ ಕೂಡಿರುವುದಿಲ್ಲ ಅಷ್ಟೇ.

ನೋಡಬೇಕಾದ್ದು ಆರ್‌ಎಂಎಸ್

ಬಾಕ್ಸ್ ಮೇಲೆ ಎರಡು ಬಗೆಯ ವಾಟ್ ಇರುತ್ತೆ. ದಪ್ಪ ಅಕ್ಷರದಲ್ಲಿರೋದು ‘ಪೀಕ್’ ಅಥವಾ ‘ಮ್ಯಾಕ್ಸ್’. ಅದು ಕ್ಷಣಮಾತ್ರದ ಶಕ್ತಿ. ಸಣ್ಣ ಅಕ್ಷರದಲ್ಲಿರೋ ‘ಆರ್‌ಎಂಎಸ್’ ಅಂದರೆ ಸ್ಪೀಕರ್ ಬಿಡದೆ ತಡೆದುಕೊಳ್ಳುವ ಶಕ್ತಿ. ‘300 ವಾಟ್’ ಎಂದು ಬರೆದ ಸ್ಪೀಕರ್‌ನ ಆರ್‌ಎಂಎಸ್ 50 ವಾಟ್ ಇದ್ದರೂ ಆಶ್ಚರ್ಯವಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ್ದು ಈ 50 ಅನ್ನೇ.

ಡ್ಯಾಶ್‌ಬೋರ್ಡ್‌ನ ಸ್ಟೀರಿಯೋ ಮೇಲೆ ‘50 ವಾಟ್ x 4’ ಅಂತ ಇರುತ್ತಲ್ಲ, ಅದರ ಗುಟ್ಟೂ ಇಷ್ಟೇ. ಇಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಅದನ್ನು ಅದರಿಂದಲೇ ಗುಣಿಸಿ, ಸ್ಪೀಕರ್‌ನ 4 ಓಮ್‌ನಿಂದ ಭಾಗಿಸಿದರೆ 51.8 ವಾಟ್ ಬರುತ್ತೆ. ಇದು ಕಾಗದದ ಮೇಲಿನ ಗರಿಷ್ಠ. ಸ್ವಚ್ಛ ಸಂಗೀತಕ್ಕೆ ಸಿಗೋದು ಒಂದೊಂದು ಚಾನೆಲ್‌ಗೆ 15ರಿಂದ 20 ವಾಟ್ ಮಾತ್ರ.

ಫ್ಯೂಸ್ ಸುಳ್ಳು ಹೇಳಲ್ಲ

‘1000 ವಾಟ್’ ಎಂಬ ಆಂಪ್ಲಿಫೈಯರ್ ಕಡಿಮೆ ಬೆಲೆಗೆ ಸಿಕ್ಕರೆ ಅದರ ಫ್ಯೂಸ್ ನೋಡಿ. 20 ಆಂಪಿಯರ್ ಫ್ಯೂಸ್ ಇದ್ದರೆ 20 x 14 = 280 ವಾಟ್. ಬ್ಯಾಟರಿಯಿಂದ ಅದು ಸತತವಾಗಿ ಎಳೆಯೋದೇ ಹೆಚ್ಚುಕಮ್ಮಿ ಇಷ್ಟು. ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಎಬಿ ಕ್ಲಾಸ್ ಆಂಪ್ ಆದರೆ ಸ್ಪೀಕರ್‌ಗೆ ಮುಟ್ಟೋದು ಅರ್ಧದಷ್ಟು, ಡಿ ಕ್ಲಾಸ್ ಆದರೆ ಸುಮಾರು 80 ಶೇಕಡಾ. ಸಾವಿರ ವಾಟ್ ಎಲ್ಲಿಂದ ಬರ್ಬೇಕು?

ಜೋಡಿ ಹೇಗಿರಬೇಕು?

ಆಂಪ್ಲಿಫೈಯರ್‌ನ ಒಂದು ಚಾನೆಲ್‌ನ ಆರ್‌ಎಂಎಸ್, ಆ ಸ್ಪೀಕರ್‌ನ ಆರ್‌ಎಂಎಸ್‌ಗೆ ಹತ್ತಿರವಿರಬೇಕು. 50 ವಾಟ್ ಸ್ಪೀಕರ್‌ಗೆ 40ರಿಂದ 75 ವಾಟ್‌ನ ಚಾನೆಲ್ ಆದರೆ ಸಾಕು. ಸ್ವಲ್ಪ ಜಾಸ್ತಿ ಶಕ್ತಿಯ ಆಂಪ್ ಅನ್ನು ಹತೋಟಿಯಲ್ಲಿ ಬಳಸಿದರೆ ತೊಂದರೆಯಿಲ್ಲ. ಕಡಿಮೆ ಶಕ್ತಿಯದ್ದನ್ನು ಫುಲ್ ತಿರುಗಿಸಿದರೇ ಕಷ್ಟ. ಶಕ್ತಿ ಮುಗಿದಾಗ ಅದು ಧ್ವನಿಯ ಅಲೆಯ ತಲೆಯನ್ನೇ ಕತ್ತರಿಸುತ್ತೆ. ಇದಕ್ಕೆ ‘ಕ್ಲಿಪ್ಪಿಂಗ್’ ಅಂತಾರೆ. ಧ್ವನಿ ಒಡೆದಂತೆ, ಕರಕರ ಕೇಳಿದರೆ ಅದೇ ಲಕ್ಷಣ. ಆಗ ಟ್ವೀಟರ್‌ಗೆ ಅಳತೆ ಮೀರಿದ ಶಕ್ತಿ ನುಗ್ಗಿ ಅದರ ಕಾಯಿಲ್ ಸುಡುತ್ತೆ.

ಓಮ್ ಲೆಕ್ಕವೂ ಮುಖ್ಯ. ಕಾರ್ ಸ್ಪೀಕರ್‌ಗಳು ಸಾಮಾನ್ಯವಾಗಿ 4 ಓಮ್. ಒಂದೇ ಚಾನೆಲ್‌ಗೆ ಎರಡನ್ನು ಪ್ಯಾರಲಲ್ ಆಗಿ ಕೊಟ್ಟರೆ 2 ಓಮ್ ಆಗುತ್ತೆ, ಸೀರೀಸ್ ಕೊಟ್ಟರೆ 8. ‘ಕನಿಷ್ಠ 4 ಓಮ್’ ಎಂದಿರುವ ಆಂಪ್‌ಗೆ 2 ಓಮ್ ಕೊಟ್ಟರೆ ಕರೆಂಟ್ ಎರಡು ಪಟ್ಟು ಎಳೆದು ಕಾಯುತ್ತೆ. ಬ್ರಿಡ್ಜ್ ಮಾಡಿ ಸಬ್‌ವೂಫರ್ ಕೊಡುವಾಗಲೂ ಕೈಪಿಡಿ ನೋಡಲೇಬೇಕು.

ಗೇನ್ ಅಂದರೆ ವಾಲ್ಯೂಮ್ ಅಲ್ಲ

ಆಂಪ್ ಮೇಲಿನ ‘ಗೇನ್’ ಇರೋದು ಸ್ಟೀರಿಯೋ ಮತ್ತು ಆಂಪ್ ನಡುವೆ ಹೊಂದಾಣಿಕೆಗೆ. ಮಲ್ಟಿಮೀಟರ್ ಇದ್ದರೆ ಸೆಟ್ ಮಾಡೋದು ಸುಲಭ. ಸ್ಪೀಕರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಆಫ್ ಮಾಡಿ, ಗೇನ್ ಪೂರ್ತಿ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು 1000 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ. ಸಬ್‌ವೂಫರ್ ಆದರೆ 50 ಹರ್ಟ್ಸ್. ಬೇಕಾದ ವಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವಾಟ್, 4 ಓಮ್ ಆದರೆ 14.1 ವೋಲ್ಟ್. ಎಸಿ ವೋಲ್ಟ್‌ನಲ್ಲಿಟ್ಟ ಮೀಟರ್ ಅಷ್ಟು ತೋರಿಸುವವರೆಗೆ ಮಾತ್ರ ಗೇನ್ ಏರಿಸಿ ಬಿಟ್ಟುಬಿಡಿ.

ಇನ್ನೊಂದು ಮಾತು. ವಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗಲ್ಲ. 50ರ ಬದಲು 100 ವಾಟ್ ಕೊಟ್ಟರೆ ಏರೋದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಅದರ ಬದಲು ಸೆನ್ಸಿಟಿವಿಟಿ 88 ಡೆಸಿಬಲ್ ಇರುವ ಸ್ಪೀಕರ್ ಬಿಟ್ಟು 91 ಇರುವುದನ್ನು ಕೊಂಡರೆ ಅದೇ ಲಾಭ, ಹೊಸ ಆಂಪ್ ಖರ್ಚಿಲ್ಲದೆ.

ವೈರ್‌ನಲ್ಲಿ ಉಳಿಸಬೇಡಿ

ಬ್ಯಾಟರಿಯಿಂದ ಆಂಪ್‌ಗೆ ಹೋಗುವ ವೈರ್‌ಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಬೇಕು. ಆಂಪ್‌ನಲ್ಲಿ ಫ್ಯೂಸ್ ಇದೆಯಲ್ಲ ಅಂತ ಬಿಡೋ ಹಾಗಿಲ್ಲ. ಅದು ಕಾಯೋದು ಆಂಪ್ ಅನ್ನು, ವೈರ್ ಅನ್ನಲ್ಲ. ಬಾನೆಟ್ ಒಳಗೆ ವೈರ್ ತಗಡಿಗೆ ಉಜ್ಜಿ ಸವೆದು ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಹರಿಸುತ್ತೆ, ವೈರ್ ಕೆಂಡವಾಗುತ್ತೆ. ತಗಡಿನ ತೂತಿನಲ್ಲಿ ವೈರ್ ದಾಟುವ ಕಡೆ ರಬ್ಬರ್ ಗ್ರಾಮೆಟ್ ಕಡ್ಡಾಯ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವೈರ್ ಅಗ್ಗ, ಆದರೆ ಅದೇ ದಪ್ಪದ ಅಪ್ಪಟ ತಾಮ್ರದಷ್ಟು ಕರೆಂಟ್ ಒಯ್ಯಲ್ಲ. ಅದನ್ನೇ ಹಾಕುವುದಾದರೆ ಇನ್ನಷ್ಟು ದಪ್ಪನೆಯದು ಬೇಕು.

ಬಿಲ್‌ನಲ್ಲಿ ಬರೆಸಿ

ಸ್ಪೀಕರ್‌ನ ಆರ್‌ಎಂಎಸ್, ಓಮ್, ಆಂಪ್‌ನ ಒಂದು ಚಾನೆಲ್‌ನ ಆರ್‌ಎಂಎಸ್, ಫ್ಯೂಸ್ ಎಷ್ಟು ಆಂಪಿಯರ್. ಈ ನಾಲ್ಕನ್ನು ಗಿರಾಕಿ ಕೇಳಿ ಬರೆಸಿಕೊಳ್ಳಲಿ, ಅಂಗಡಿಯವರು ಕೇಳದಿದ್ದರೂ ಬರೆದುಕೊಡಲಿ. ನಾಳೆ ಸ್ಪೀಕರ್ ಸುಟ್ಟರೆ ಯಾರ ತಪ್ಪು ಅಂತ ಬಾಯಿ ಮಾತಿನ ಜಗಳ ಬೇಕಾಗಲ್ಲ, ಆ ಬಿಲ್ಲೇ ಹೇಳುತ್ತೆ.