ಗಿಟಾರಿಗೆ ಎಷ್ಟು ವಾಟ್ ಬೇಕು?

ವಿದ್ಯುತ್ ಗಿಟಾರನ್ನು ಯಾವುದಕ್ಕೂ ಜೋಡಿಸದೆ ಹಾಗೆಯೇ ಮೀಟಿ ನೋಡಿ. ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳುವ ಕ್ಷೀಣ ಸದ್ದು ಬರುತ್ತದೆ. ಸದ್ದನ್ನು ಹಿಗ್ಗಿಸುವ ಟೊಳ್ಳು ಒಡಲು ಸಾಮಾನ್ಯವಾಗಿ ಅದಕ್ಕಿರುವುದಿಲ್ಲ. ಆದ್ದರಿಂದ ಗಿಟಾರ್ ಕೊಂಡವರು ಆಂಪ್ಲಿಫೈಯರನ್ನೂ ಕೊಳ್ಳಬೇಕು. ಅಂಗಡಿಯಲ್ಲಿ 10 ವಾಟ್‌ನಿಂದ 100 ವಾಟ್‌ವರೆಗಿನ ಪೆಟ್ಟಿಗೆಗಳು ಸಾಲಾಗಿ ಕುಳಿತಿರುತ್ತವೆ. ಯಾವುದನ್ನು ಆರಿಸುವುದು?

ಮನೆಯ ಸ್ಟೀರಿಯೋ ಇದೆಯಲ್ಲ, ಅದಕ್ಕೇ ಜೋಡಿಸಿದರಾಗದೆ ಎಂದು ಕೇಳುವವರಿದ್ದಾರೆ. ಗಿಟಾರಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಇದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಮೂಕ! ಹೀಗೆ ಹುಟ್ಟುವ ಸಂಕೇತ ತೀರ ದುರ್ಬಲ. ಅದನ್ನು ಸ್ವೀಕರಿಸುವ ಉಪಕರಣದ ರೋಧ ಸುಮಾರು 10 ಲಕ್ಷ ಓಮ್ ಇರಬೇಕು. ಸ್ಟೀರಿಯೋದಲ್ಲಿ ಅದು ಕೆಲವು ಹತ್ತು ಸಾವಿರ ಓಮ್ ಮಾತ್ರ. ಹಾಗಾಗಿ ಮೇಲಿನ ಸ್ವರಗಳು ಮಂಕಾಗುತ್ತವೆ. ಗಿಟಾರಿನ ಆಂಪ್ಲಿಫೈಯರ್ ಬೇರೆಯೇ ಜಾತಿಯದು.

ಇನ್ನು ವಾಟ್ ವಿಚಾರ. 100 ವಾಟ್‌ನದು 50 ವಾಟ್‌ನದಕ್ಕಿಂತ ಎರಡು ಪಟ್ಟು ಜೋರಾಗಿ ಕೇಳುತ್ತದೆಂಬುದು ಸಾಮಾನ್ಯ ನಂಬಿಕೆ. ಅದು ತಪ್ಪು. ನಮ್ಮ ಕಿವಿ ಶಕ್ತಿಯನ್ನು ಅನುಪಾತದಲ್ಲಿ ಅಳೆಯುತ್ತದೆ. ಶಕ್ತಿ ಇಮ್ಮಡಿಯಾದರೆ ಶಬ್ದಮಟ್ಟ ಏರುವುದು 3 ಡೆಸಿಬೆಲ್ ಮಾತ್ರ; ಇಮ್ಮಡಿ ಜೋರು ಎನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಅಂದರೆ 100 ವಾಟ್‌ನ ಅರ್ಧದಷ್ಟು ಜೋರು 10 ವಾಟ್‌ನಲ್ಲೇ ಸಿಗುತ್ತದೆ. ಸ್ಪೀಕರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು 100 ಡೆಸಿಬೆಲ್ ಕೊಡುವುದನ್ನು ಹಾಕಿದರೆ, ವಾಟ್ ಇಮ್ಮಡಿಸಿದಷ್ಟೇ ಲಾಭ. ಅಂಗಡಿಯವರು ಈ ಅಂಕಿಯನ್ನು ತಾವಾಗಿ ಹೇಳುವುದು ಅಪರೂಪ, ನಾವೇ ಕೇಳಬೇಕು.

ಈಗ ಕಿವಿಯ ಲೆಕ್ಕ ನೋಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 8 ಗಂಟೆ ಕೇಳಬಹುದಾದ ಮಟ್ಟ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 97ಕ್ಕೆ ಬರುವಾಗ ಉಳಿಯುವುದು ಅರ್ಧ ಗಂಟೆ! ಅಂದರೆ ಮೇಲೆ ಹೇಳಿದ ಸ್ಪೀಕರಿನ ಮುಂದೆ ಒಂದೇ ಒಂದು ವಾಟ್‌ನಲ್ಲಿ ನುಡಿಸಿದರೂ ಅರ್ಧ ಗಂಟೆಗೆ ನಿಲ್ಲಿಸಬೇಕು. ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೆರೆಹೊರೆಯವರ ಪ್ರಶ್ನೆಯೂ ಇದೆ: ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಮನೆಯಲ್ಲಿ ಕಲಿಯುವವರಿಗೆ 10 ವಾಟ್ ಧಾರಾಳ. ಡ್ರಮ್ ಜೊತೆ ನುಡಿಸುವವರಿಗೆ ಮಾತ್ರ ಹೆಚ್ಚು ಬೇಕಾದೀತು.

ವಾಲ್ವ್ ಮೇಲೋ ಟ್ರಾನ್ಸಿಸ್ಟರ್ ಮೇಲೋ ಎಂಬ ಜಗಳ ಹಳೆಯದು. ಮಿತಿ ಮೀರಿ ಒತ್ತಿದಾಗ ವಾಲ್ವ್ ಅಲೆಯ ತುದಿಯನ್ನು ಮೆಲ್ಲಗೆ ದುಂಡಗಾಗಿಸುತ್ತದೆ, ಟ್ರಾನ್ಸಿಸ್ಟರ್ ಕತ್ತರಿಸಿದಂತೆ ಚಪ್ಪಟೆಯಾಗಿಸುತ್ತದೆ. ರಾಕ್ ಸಂಗೀತಗಾರರಿಗೆ ಬೇಕಾದದ್ದು ಆ ಮೆಲುವಾದ ವಿಕೃತಿ. ಅದು ಬರುವುದು ಹೆಚ್ಚಾಗಿ ಪೂರ್ಣ ಶಕ್ತಿಯ ಸಮೀಪದಲ್ಲಿ. ಹಾಗಾಗಿ ದೊಡ್ಡ ವಾಲ್ವ್ ಆಂಪ್ಲಿಫೈಯರ್ ಕೊಂಡು ಮನೆಯಲ್ಲಿ ಸದ್ದು ತಗ್ಗಿಸಿ ನುಡಿಸುವವರು ಕೊಟ್ಟ ಹಣದ ಸವಿ ಕಾಣುವುದೇ ಇಲ್ಲ. ಅಂಥವರಿಗೆ ಈಗಿನ ಡಿಜಿಟಲ್ ಮಾದರಿಯೇ ಲೇಸು. ಅದು ವಾಲ್ವಿನ ನಡವಳಿಕೆಯನ್ನು ಲೆಕ್ಕಾಚಾರದಿಂದ ಅನುಕರಿಸುತ್ತದೆ. ವಾಲ್ವ್ ಪೆಟ್ಟಿಗೆಯನ್ನು ಸ್ಪೀಕರ್ ಜೋಡಿಸದೆ ಚಾಲೂ ಮಾಡಬಾರದು, ಬಿಚ್ಚಲೂಬಾರದು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ನಾನೂರು ವೋಲ್ಟ್ ಉಳಿದಿರಬಹುದು.

ವಿದೇಶದಿಂದ ನೆಂಟರು ತಂದುಕೊಟ್ಟ ಪೆಟ್ಟಿಗೆಯಾದರೆ ಹಿಂಬದಿಯ ಫಲಕವನ್ನು ಮೊದಲು ಓದಿ. ಅಮೆರಿಕದ್ದು 120 ವೋಲ್ಟ್, ನಮ್ಮದು 230. ನಡುವೆ ಸೂಕ್ತ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಹೊಗೆಯೇ ಗತಿ.

ಎಲ್ಲಕ್ಕಿಂತ ಮುಖ್ಯವಾದದ್ದು ಭೂಸಂಪರ್ಕ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಸೇರಿರುತ್ತವೆ. ತಂತಿ ಹಿಡಿದ ಕೈ ಒಂದು ಕಡೆ, ಮೈಕಿಗೆ ತಗುಲಿದ ತುಟಿ ಇನ್ನೊಂದು ಕಡೆ. ಎರಡರಲ್ಲಿ ಯಾವುದಾದರೂ ಒಂದರ ಭೂಸಂಪರ್ಕ ಕೆಟ್ಟು ಅದರಲ್ಲಿ ವಿದ್ಯುತ್ ಸೋರಿದರೆ ಅದು ಹಾಯುವುದು ನುಡಿಸುವವನ ಎದೆಯ ಮೂಲಕ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತ. ನಮ್ಮ ಗಣೇಶೋತ್ಸವದ ಪೆಂಡಾಲುಗಳಲ್ಲಿ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಕಂಡಾಗ ನನಗೆ ಅವನ ನೆನಪಾಗುತ್ತದೆ. ‘ಹಮ್’ ಎಂಬ ಗುಂಯ್‌ಗುಡುವಿಕೆ ನಿಲ್ಲಲೆಂದು ಮೂರನೆಯ ಪಿನ್ನನ್ನೇ ಮುರಿಯುವ ಚಾಳಿಯೂ ಇದೆ. ಆ ಸದ್ದು ಬಹುಪಾಲು ಪಿಕಪ್‌ನ ಸುರುಳಿ ಹತ್ತಿರದ ಟ್ಯೂಬ್‌ಲೈಟಿನ ಚೋಕ್‌ನಿಂದಲೋ ಟ್ರಾನ್ಸ್‌ಫಾರ್ಮರ್‌ನಿಂದಲೋ ಹಿಡಿದದ್ದು. ಪಿನ್ನಿಗೆ ಕೈಹಾಕುವ ಮೊದಲು ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲಗೆ ಒಂದು ಸುತ್ತು ತಿರುಗಿ ನೋಡಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಕಳ್ಳ ಅಲ್ಲೇ ಇದ್ದಾನೆ.