ಚೆಂಡು ಯಾರ ಕೈಯಲ್ಲೋ ಅವರ ಮಾತು

ಪುಣೆಯ ವಾಕಡ್‌ನ ನಮ್ಮ ಸೊಸೈಟಿಯ ಅಂಗಳದಲ್ಲಿ ಸಂಜೆ ಆರರಿಂದ ಏಳೂವರೆವರೆಗೆ ಮಕ್ಕಳದ್ದೇ ದರ್ಬಾರು. ದೊಡ್ಡವರು ಅಲ್ಲಿ ಸುಳಿಯುವಂತಿಲ್ಲ. ಒಮ್ಮೆ ಕಂಬದ ಪಕ್ಕ ನಿಂತಿದ್ದಕ್ಕೆ ನನ್ನ ಆರು ವರ್ಷದ ಮಗಳು, ‘ಪಪ್ಪಾ, ನೀ ಇಲ್ಲಿ ನಿಂದರಬ್ಯಾಡ, ಎಲ್ಲಾರೂ ಸುಮ್ಮನಾಗ್ತಾರ’ ಎಂದು ಓಡಿಸಿದಳು. ಧಾರವಾಡದಿಂದ ಬಂದು ಆಗಿನ್ನೂ ನಾಲ್ಕು ತಿಂಗಳು. ಅಂದಿನಿಂದ ನನ್ನ ಜಾಗ ಮೊದಲ ಮಹಡಿಯ ಬಾಲ್ಕನಿ.

ಜಗಳ ಶುರುವಾದರೆ ಯಾರಾದರೂ ‘ಟೈಂಪ್ಲೀಸ್’ ಎನ್ನಬೇಕು, ಆಟ ನಿಲ್ಲಬೇಕು. ಎಲ್ಲರೂ ಸುತ್ತ ಕೂರಬೇಕು. ಟೆನಿಸ್ ಚೆಂಡು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ನಡುವೆ ಬಾಯಿ ಹಾಕಿದರೆ ಆ ದಿನ ಬ್ಯಾಟಿಂಗ್ ಇಲ್ಲ. ವಿಲಿಯಂ ಗೋಲ್ಡಿಂಗ್ 1954ರ ‘ಲಾರ್ಡ್ ಆಫ್ ದ ಫ್ಲೈಸ್’ ಕಾದಂಬರಿಯಲ್ಲಿ ದ್ವೀಪದ ಹುಡುಗರ ಕೈಗೆ ಇದೇ ಕೆಲಸಕ್ಕೆ ಶಂಖ ಕೊಟ್ಟಿದ್ದಾರೆ. ಇವರ್ಯಾರೂ ಅದನ್ನು ಓದಿದವರಲ್ಲ. (ನಮ್ಮ ಆಫೀಸಿನ ಹದಿನೈದು ನಿಮಿಷದ ಮೀಟಿಂಗು ಮುಕ್ಕಾಲು ಗಂಟೆ ಎಳೆದಾಗಲೆಲ್ಲ ನನಗೆ ಆ ಚೆಂಡು ನೆನಪಾಗುತ್ತದೆ.)

ಆದರೆ ಮಗಳ ಕೈಗೆ ಚೆಂಡು ಬರುತ್ತಿರಲಿಲ್ಲ. ಅವಳು ‘ಕಚ್ಚಾ ಲಿಂಬು’. ನಮ್ಮ ಕಡೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಅದೇ. ಔಟಾದರೂ ಔಟಲ್ಲ, ಸಭೆಯಲ್ಲಿ ಮಾತೂ ಇಲ್ಲ.

ಒಂದು ದಿನ ಕೆಳಮನೆಯ ಕಿಟಕಿ ಗಾಜು ಒಡೆಯಿತು. ತಪ್ಪು ವಾಚ್‌ಮನ್ನರ ಮಗನ ತಲೆಗೆ ಬಂತು. ಅವನು ಚೆಂಡು ಹಿಡಿದು ಸುಮ್ಮನೆ ಕೂತ. ರಾತ್ರಿ ಊಟಕ್ಕೆ ಕೂತಾಗ ಮಗಳು, ‘ಅಂವಾ ಒಡದಿಲ್ಲ, ನಾ ನೋಡೀನಿ’ ಎಂದಳು. ನಾನೇ ಹೋಗಿ ಹೇಳುತ್ತೇನೆಂದೆ. ‘ನೀ ಹೇಳಿದರ ನನ್ನ ಆಟಕ್ಕ ಸೇರಸೂದಿಲ್ಲ’ ಎಂದು ಅಳು. ಆ ಹುಡುಗನ ಅಪ್ಪನ ಕೆಲಸದ ಚಿಂತೆ ನನಗೆ, ಆಟದ ಚಿಂತೆ ಇವಳಿಗೆ. ನಾಳೆ ಸಂಜೆಯವರೆಗೆ ಕಾಯೋಣ ಅಂದುಕೊಂಡೆ.

ಕುಂದಾಪುರ ಕಡೆಯ ಹಳ್ಳಿಗಳಲ್ಲಿ 1995ರಿಂದ ಮಕ್ಕಳ ಪಂಚಾಯತಿಗಳು ನಡೆದವು. ಅದರ ಹಿಂದಿದ್ದದ್ದು ದುಡಿಯುವ ಮಕ್ಕಳೇ ಕಟ್ಟಿದ ಭೀಮ ಸಂಘ. ಮಕ್ಕಳೇ ಮತ ಹಾಕಿ ಆರಿಸಿದ ಮಕ್ಕಳು ಅಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂದು ದೊಡ್ಡವರ ಮುಂದೆ ಲೆಕ್ಕ ಇಟ್ಟು ಕೇಳಿದರು. ಶಾಲೆಯಲ್ಲಿ ಮೇಷ್ಟ್ರು ಓದಿಸಿದಾಗ ನಾನು ನಂಬಿರಲಿಲ್ಲ. ಬಾಲ್ಕನಿಯಲ್ಲಿ ನಿಂತಾಗ ಅದೇ ನೆನಪು.

ಮರುದಿನ ಸಭೆಯಲ್ಲಿ ಮಗಳು ಚೆಂಡಿಲ್ಲದೆಯೇ ಕೂಗಿದಳು. ಗದ್ದಲ. ಹನ್ನೊಂದರ ನಾಯಕಿ ಒಂದು ಕ್ಷಣ ನೋಡಿ, ಚೆಂಡನ್ನು ಇವಳತ್ತ ಉರುಳಿಸಿದಳು. ಮರಾಠಿ ಎರಡು ವಾಕ್ಯಕ್ಕೇ ಮುಗಿಯಿತು; ಉಳಿದದ್ದು ಕನ್ನಡ. ಅಕ್ಕಲಕೋಟೆಯ ಅಜ್ಜಿಯಿರುವ ಹುಡುಗನೊಬ್ಬ ಎದ್ದು ಅದನ್ನು ಮರಾಠಿಗೆ ತಂದ. ಒಡೆದವನು ತಲೆ ತಗ್ಗಿಸಿದ. ಗಾಜಿನ ದುಡ್ಡನ್ನು ಎಲ್ಲರೂ ಹಂಚಿಕೊಳ್ಳುವುದು, ಕೆಳಮನೆಗೆ ಹೋಗಿ ಹೇಳುವವನು ಒಡೆದವನೇ ಎಂದಾಯಿತು. ವಾಚ್‌ಮನ್ನರ ಮಗನಿಗೆ ಮೊದಲ ಬ್ಯಾಟಿಂಗ್.

ಮಾತಾಡಿದ ಮೇಲೆ ಕಚ್ಚಾ ಲಿಂಬು ಅಲ್ಲ ಎಂದೂ ತೀರ್ಮಾನವಾಯಿತಂತೆ. ಮರುದಿನ ಮಗಳು ಮೊದಲ ಚೆಂಡಿಗೇ ಔಟಾಗಿ, ಅಳುತ್ತ ಮನೆಗೆ ಬಂದಳು.