ತಂದೆತಾಯಿಯ ಸಮಾಧಿ ಕಲ್ಲು: ಮೊದಲು ಬರಹ, ಆಮೇಲೆ ಕಲ್ಲು



ಪಿತೃಪಕ್ಷ ಹತ್ತಿರ ಬಂದಾಗ ಬೆಂಗಳೂರು, ತುಮಕೂರು ಸೇರಿರುವ ನಮ್ಮ ಊರಿನ ಮಕ್ಕಳು ಹಿರಿಯರ ಪೂಜೆಗೆ ಬರುತ್ತಾರೆ. ಅಪ್ಪ ಅಮ್ಮನ ಸಮಾಧಿಗೆ ಎಂಥ ಕಲ್ಲು ಹಾಕಿಸಬೇಕು, ಅದರ ಮೇಲೆ ಏನು ಬರೆಸಬೇಕು ಎಂದು ಆಗ ನಮ್ಮನ್ನು ವಿಚಾರಿಸುತ್ತಾರೆ. ಎಲ್ಲರಿಗೂ ಉಪಯೋಗವಾಗಲೆಂದು ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಬೇರೆಯೇ ಒಂದು ತೂಕವಿದೆ. ಪಡಿತರ ಚೀಟಿ, ಜಮೀನಿನ ಪಾಸ್ ಪುಸ್ತಕ, ಮರಣ ಪ್ರಮಾಣಪತ್ರ, ಇವೆಲ್ಲ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಜೀವನವಿಡೀ ಕನ್ನಡದಲ್ಲೇ ಮಾತಾಡಿದ ನಮ್ಮ ತಂದೆತಾಯಿಯ ಹೆಸರು ಕನ್ನಡದಲ್ಲಿ ಉಳಿಯುವ ಜಾಗ ಎಷ್ಟೋ ಮನೆಗಳಲ್ಲಿ ಈ ಕಲ್ಲು ಒಂದೇ. ಆದ್ದರಿಂದ ಕಲ್ಲಿನ ಬಣ್ಣ, ಹೊಳಪು ನೋಡುವ ಮೊದಲು ಬರಹವನ್ನು ತೀರ್ಮಾನಿಸಿ ಎಂಬುದೇ ನಮ್ಮ ಮುಖ್ಯ ಸಲಹೆ.

ಕಲ್ಲಿನ ಮೇಲೆ ಕನ್ನಡ ಬರೆಸುವುದು ನಮ್ಮ ಸೀಮೆಗೆ ಹೊಸದಲ್ಲ. ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು ಆಗಿತ್ತು. ನೊಳಂಬ ವೀರಮಹೇಂದ್ರನ ವಿರುದ್ಧ ಗಂಗರ ಕಡೆಯಿಂದ ಕಾದಿ ಮಡಿದ ನಾಗತ್ತರನ ಹೆಸರು ಬೇಗೂರಿನ ವೀರಗಲ್ಲಿನಲ್ಲಿ ಸಾವಿರ ವರ್ಷ ಕಳೆದರೂ ಓದಲು ಸಿಗುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತವನು ಯಾರು, ಹೇಗೆ ಸತ್ತ ಎಂಬುದನ್ನು ಬರೆದಿಟ್ಟಿದ್ದರಿಂದಲೇ ಇಂದು ನಮಗೆ ಅವನ ಗುರುತಿದೆ. ಬರಹವಿಲ್ಲದ ವೀರಗಲ್ಲುಗಳು ಎಷ್ಟೇ ಚೆನ್ನಾಗಿದ್ದರೂ ಅವು ಯಾರವೆಂದು ಹೇಳುವವರಿಲ್ಲ.

ಏನು ಬರೆಸಬೇಕು?

1. ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಅಪ್ಪನ ಹೆಸರು ದೊಡ್ಡದಾಗಿ ಹಾಕಿ, ಕೆಳಗೆ "ಧರ್ಮಪತ್ನಿ" ಎಂದು ಸಣ್ಣದಾಗಿ ಸೇರಿಸುವುದು ರೂಢಿ. ತಾಯಿಯ ಹೆಸರಿನ ಜೊತೆ ಅವರ ತವರೂರನ್ನೂ ಬರೆಸಿ. ಎರಡು ತಲೆಮಾರು ಕಳೆದರೆ ಅಜ್ಜಿ ಯಾವ ಊರಿನವರೆಂದು ಮನೆಯವರಿಗೇ ಗೊತ್ತಿರುವುದಿಲ್ಲ.

2. ಹೆಸರನ್ನು ಆಧಾರ್ ಕಾರ್ಡಿನ ಇಂಗ್ಲಿಷ್ ನೋಡಿ ಬರೆಸಬೇಡಿ. ಹಾಗೆ ಮಾಡಿದರೆ ಕಾಳಮ್ಮ ಕಲಮ್ಮನಾಗುತ್ತಾರೆ, ದಾನಮ್ಮ ಧನಮ್ಮನಾಗುತ್ತಾರೆ. ಊರಿನಲ್ಲಿ ಕರೆಯುತ್ತಿದ್ದ ಹೆಸರು ಬೇರೆಯಿದ್ದರೆ ಅದೂ ಇರಲಿ.

3. ಹುಟ್ಟಿದ ದಿನ ಖಚಿತವಿಲ್ಲದಿದ್ದರೆ ಊಹೆಯ ತಾರೀಕು ಬೇಡ. "ಸುಮಾರು 80 ವರ್ಷ ಬಾಳಿದರು" ಎಂದರೆ ಸಾಕು, ಅದು ಸುಳ್ಳಾಗುವುದಿಲ್ಲ. ತೀರಿಕೊಂಡ ತಾರೀಕಿನ ಜೊತೆ ಮಾಸ, ಪಕ್ಷ, ತಿಥಿ ಬರೆಸಿದರೆ ಮುಂದೆ ತಿಥಿ ಮಾಡುವವರಿಗೆ ಅನುಕೂಲ.

4. ಊರಿನ ಹೆಸರು ಬರೆಸಿ, ಜಿಲ್ಲೆ ಬಿಟ್ಟರೂ ನಡೆಯುತ್ತದೆ. ನಮ್ಮ ಮಡಕಶಿರ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಬಳಿಕ ಆಂಧ್ರ ರಾಜ್ಯ, 1956ರಿಂದ ಆಂಧ್ರಪ್ರದೇಶ. ಅನಂತಪುರ ಜಿಲ್ಲೆಯಲ್ಲಿದ್ದದ್ದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಬದಲಾದರೂ ಊರು ಊರಾಗಿಯೇ ಇದೆ.

5. ಮೊಮ್ಮಕ್ಕಳು ತೆಲುಗು ಶಾಲೆಯಲ್ಲಿ ಓದಿದವರಾದರೆ ಮೇಲೆ ಕನ್ನಡ, ಕೆಳಗೆ ಒಂದು ಸಾಲು ತೆಲುಗು ಇರಲಿ. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಓದಲು ಬಾರದ ಬರಹದ ಮುಂದೆ ಮಕ್ಕಳು ಸುಮ್ಮನೆ ಕೈಮುಗಿದು ಹೋಗುವುದಕ್ಕಿಂತ ಹೆಸರು ಓದಿ ಹೋಗುವುದು ಮೇಲು.

ಅಕ್ಷರ ತಪ್ಪದಿರಲು

ನಮ್ಮ ಕಡೆ ಅಕ್ಷರ ಕೆತ್ತುವವರಲ್ಲಿ ತೆಲುಗು ಬರಹ ರೂಢಿಯಾದವರೇ ಹೆಚ್ಚು. ಎರಡೂ ಲಿಪಿ ಅಕ್ಕತಂಗಿಯರಂತಿರುವುದರಿಂದ ಕನ್ನಡವನ್ನೂ ಚೆನ್ನಾಗಿಯೇ ಕೆತ್ತುತ್ತಾರೆ. ಆದರೆ ಕನ್ನಡದಲ್ಲಿ ದೀರ್ಘದ ಗುರುತು ಅಕ್ಷರದ ಪಕ್ಕದಲ್ಲಿ ಬೇರೆಯಾಗಿ ಬರುತ್ತದೆ, ತೆಲುಗಿನಲ್ಲಿ ಹಾಗಿಲ್ಲ. ಅದು ಬಿಟ್ಟುಹೋದರೆ ದೇವಮ್ಮ "ದೆವಮ್ಮ" ಆಗುತ್ತದೆ. ನಮ್ಮ ಹೆಸರುಗಳಲ್ಲಿ "ಪ್ಪ", "ಮ್ಮ" ಇಲ್ಲದವು ಕಡಿಮೆ, ಆದ್ದರಿಂದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿಸಿ.

ಬರಹವನ್ನು ಫೋನಿನಲ್ಲಿ ಕಳಿಸಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಅಕ್ಷರ ಕೆಡಬಹುದು. ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಮನೆಯ ಹಿರಿಯರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಸಹಿ ಮಾಡಿ ಕೊಡಿ. ಹೆಸರಿನ ಅಕ್ಷರ 2 ಅಂಗುಲಕ್ಕೆ ಕಡಿಮೆಯಾಗದಿರಲಿ.

ಯಾವ ಕಲ್ಲು?

ಕಡಪ ಕಲ್ಲು ಅಗ್ಗ. ಆದರೆ ಪದರಗಲ್ಲಾದ್ದರಿಂದ ಬಿಸಿಲಿಗೆ ಕಪ್ಪು ಮಾಸುತ್ತದೆ, ಕ್ರಮೇಣ ಹೊಪ್ಪಳೆ ಏಳುತ್ತದೆ. ಅಮೃತಶಿಲೆ ಎಣ್ಣೆ, ಕುಂಕುಮವನ್ನು ಹೀರಿಕೊಂಡು ಕಲೆಯಾಗುತ್ತದೆ. ಬಯಲಿನಲ್ಲಿ ನಿಲ್ಲುವ ಕಲ್ಲಿಗೆ ಗ್ರಾನೈಟೇ ಸರಿ. ಪಾಲಿಶ್ ಮಾಡಿದ ಕರಿ ಗ್ರಾನೈಟಿನಲ್ಲಿ ಬಣ್ಣ ತುಂಬದಿದ್ದರೂ ಅಕ್ಷರ ಕಾಣುತ್ತದೆ. ಬೂದು ಬಣ್ಣದ ಕಲ್ಲಿಗೆ ಖರ್ಚು ಕಡಿಮೆ, ಆದರೆ ಕೆಲವು ವರ್ಷಕ್ಕೊಮ್ಮೆ ಅಕ್ಷರಕ್ಕೆ ಬಣ್ಣ ತುಂಬಿಸಬೇಕು.

ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. 4 ಅಡಿ ಎತ್ತರ, 2 ಅಡಿ ಅಗಲ, 3 ಅಂಗುಲ ದಪ್ಪದ ಕಲ್ಲೆಂದರೆ 150 ಕಿಲೋ. ಹೊಲದವರೆಗೆ ಗಾಡಿ ಹೋಗುತ್ತದೆಯೇ ಎಂದು ಮೊದಲೇ ನೋಡಿ. ಹೊಸ ಮಣ್ಣು ಕುಸಿಯುವುದರಿಂದ ಒಂದು ಮಳೆಗಾಲ ಕಳೆಯಲಿ. ವರ್ಷದ ತಿಥಿಯ ಹೊತ್ತಿಗೆ ನಿಲ್ಲಿಸಿದರೆ ಕಲ್ಲು ವಾಲುವುದಿಲ್ಲ.

ಗುರುತಿನ ವಿಷಯ ಅವರವರ ಮನೆತನದ ಪದ್ಧತಿಯಂತೆ: ಲಿಂಗ, ನಂದಿ, ಶಂಖಚಕ್ರ, ಶಿಲುಬೆ. ಅಣ್ಣತಮ್ಮಂದಿರಲ್ಲಿ ಒಮ್ಮತವಾಗದಿದ್ದರೆ ಹಳೆಯ ವೀರಗಲ್ಲುಗಳ ಮೇಲಿರುವ ಸೂರ್ಯ ಚಂದ್ರರಿದ್ದಾರೆ. ಅವರಿರುವವರೆಗೂ ಈ ನೆನಪು ಇರಲಿ ಎಂಬುದು ಅದರ ಅರ್ಥ.

ಇನ್ನೆರಡು ಮಾತು

ತಂದೆತಾಯಿಯರಲ್ಲಿ ಒಬ್ಬರು ಬದುಕಿದ್ದರೆ ಅವರ ಹೆಸರು ಈಗಲೇ ಕೆತ್ತಿಸುವುದನ್ನು ನಮ್ಮವರು ಒಪ್ಪುವುದಿಲ್ಲ. ಅರ್ಧ ಕಲ್ಲು ಖಾಲಿ ಬಿಡಿಸಿ, ಅಕ್ಷರದ ಮಾದರಿ ಹಾಳೆಯನ್ನು ಮನೆಯಲ್ಲಿ ಜೋಪಾನವಾಗಿಡಿ. ಸಾಧ್ಯವಾದರೆ ತಮ್ಮ ಹೆಸರು ಹೇಗೆ ಬರೆಯಬೇಕೆಂದು ಅವರನ್ನೇ ಕೇಳಿ. ಕಲ್ಲಿನ ಮಾತು ಎತ್ತದೆಯೂ ಇದನ್ನು ಕೇಳಬಹುದು.

ಸಮಾಧಿ ಹೊಲದಲ್ಲಿದ್ದರೆ ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಆ ಜಾಗ ಮತ್ತು ಅಲ್ಲಿಗೆ ಹೋಗುವ ದಾರಿ ಎಲ್ಲರಿಗೂ ಸೇರಿದ್ದೆಂದು ವಿಭಾಗ ಪತ್ರದಲ್ಲಿ ಒಂದು ಸಾಲು ಬರೆಸಿ. ನಾಳೆ ಆ ಹೊಲ ಮಾರಾಟವಾದರೂ ಮಾತಾಡಲು ಒಂದು ಆಧಾರವಿರುತ್ತದೆ.

ಕೆತ್ತಿಸುವ ಮುನ್ನ ಬರಹದ ಕರಡನ್ನು ಸಂಘಕ್ಕೆ ತಂದರೆ ಕಾಗುಣಿತ ನೋಡಿಕೊಡುತ್ತೇವೆ. ಇದಕ್ಕೆ ಶುಲ್ಕವಿಲ್ಲ, ಸದಸ್ಯರಲ್ಲದವರೂ ತರಬಹುದು.

ಇಂತಿ,
ಕಾರ್ಯದರ್ಶಿ, ಸಂಘದ ಪರವಾಗಿ
ಮಡಕಶಿರ